ಎದೆಯೊಳಗಿನ ಕಾಲಜ್ಞಾನಿ

ನಮ್ಮ ಸುರಪುರ ಸೀಮೆಯ ಹೆಣ್ಣುಮಕ್ಕಳು ಆಡುವ ಮಾತೊಂದುಂಟು: “ಯಾಕೋ ಏನೋ, ಎದಿ ಧಸಕ್ ಅಂತು.” ಹೊರಗೆ ಏನೂ ಆಗಿರುವುದಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಆದರೂ ಎದೆಯೊಳಗೆ ಯಾವುದೋ ಹಿಡಿ ಜಾರಿದಂತಾಗುತ್ತದೆ. ಈ ‘ಧಸಕ್’ ಎಂಬುದಕ್ಕೆ ಸರಿಸಮನಾದ ಇನ್ನೊಂದು ಶಬ್ದವನ್ನು ನಾನು ನಿಘಂಟುಗಳಲ್ಲಿ ಕಂಡವನಲ್ಲ. ಕಳವಳವಿದೆ, ತಳಮಳವಿದೆ, ದಿಗಿಲಿದೆ. ನಿಜಾಮರ ಆಳಿಕೆಯ ನೆನಪಾಗಿ ನಮ್ಮ ಮಾತಿನಲ್ಲಿ ಉಳಿದ ‘ಫಿಕರ್’ ಇದೆ. ಪುಸ್ತಕದ ಭಾಷೆಯಲ್ಲಿ ಇವಕ್ಕೆಲ್ಲ ಒಂದೇ ಹೆಸರು, ಆತಂಕ. ಸಂಸ್ಕೃತದಲ್ಲಿ ಆ ಪದಕ್ಕೆ ಭಯವೆಂಬ ಅರ್ಥವೂ ಉಂಟು, ರೋಗವೆಂಬ ಅರ್ಥವೂ ಉಂಟು. ಮಾಧವನಿದಾನವೆಂಬ ವೈದ್ಯಗ್ರಂಥದ ವ್ಯಾಖ್ಯಾನವೊಂದಕ್ಕೆ ‘ಆತಂಕದರ್ಪಣ’ ಎಂದೇ ಹೆಸರು. ಕನ್ನಡದಲ್ಲಿ ನಾವು ಅದನ್ನು ಅಡ್ಡಿಯೆಂಬ ಅರ್ಥದಲ್ಲಿಯೂ ಬಳಸುತ್ತೇವೆ. “ಅಡ್ಡಿ ಆತಂಕವಿಲ್ಲದೆ ಮದುವೆ ಮುಗಿಯಿತು” ಎನ್ನುತ್ತೇವೆ. ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದ ನನಗೆ ಈ ಪದದ ಅರ್ಥಗಳೆಲ್ಲ ಒಟ್ಟಿಗೆ ತಿಳಿದದ್ದು ಮಾತ್ರ ತರಗತಿಯಲ್ಲಲ್ಲ, ಬಸ್ಸಿನಲ್ಲಿ.

ಅದನ್ನು ಹೇಳುವ ಮೊದಲು ಒಂದು ಮಾತು. ನಮ್ಮ ಊರುಗಳಲ್ಲಿ ಜನ ತಮ್ಮ ಸಕ್ಕರೆ ಕಾಯಿಲೆಯನ್ನು ಕಟ್ಟೆಯ ಮೇಲೆ ಕುಳಿತು ಅಭಿಮಾನದಿಂದಲೇ ಹೇಳಿಕೊಳ್ಳುತ್ತಾರೆ. ಬಿ.ಪಿ. ಎಷ್ಟಿದೆಯೆಂಬುದನ್ನು ಮದುವೆಯ ಊಟದ ಪಂಕ್ತಿಯಲ್ಲಿ ಪರಸ್ಪರ ವಿಚಾರಿಸಿಕೊಳ್ಳುತ್ತಾರೆ. ಆದರೆ ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತೇನೆಂದು ಹೇಳುವವನು ಸಿಕ್ಕುವುದಿಲ್ಲ. ನಾನೂ ಇಪ್ಪತ್ತು ವರ್ಷ ಹೇಳಿದವನಲ್ಲ. ಮಾತ್ರೆಯ ಡಬ್ಬಿಯನ್ನು ಪುಸ್ತಕದ ಕಪಾಟಿನಲ್ಲಿ, ನಿಘಂಟಿನ ಸಂಪುಟಗಳ ಹಿಂದೆ ಇಟ್ಟಿದ್ದೆ. ಅಲ್ಲಿಗೆ ಯಾರೂ ಕೈಹಾಕುವುದಿಲ್ಲವೆಂಬ ಭರವಸೆ ನನಗಿತ್ತು. ಕನ್ನಡ ಅಧ್ಯಾಪಕನಾಗಿ ಅದು ಹೆಮ್ಮೆಪಡುವ ವಿಷಯವೇನಲ್ಲ.

1999ರ ಮಳೆಗಾಲ. ಸುರಪುರದಿಂದ ಲಿಂಗಸುಗೂರಿಗೆ ಹೊರಟಿದ್ದೆ, ಒಂದು ಕಾಲೇಜಿನ ಪರೀಕ್ಷಾ ಕೆಲಸಕ್ಕಾಗಿ. ದಾರಿಯಲ್ಲಿ ತಿಂಥಣಿ ಬರುತ್ತದೆ. ಅಲ್ಲಿ ಮೌನೇಶ್ವರರ ಕ್ಷೇತ್ರವಿದೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಾಣ. ಅಲ್ಲಿಯೇ ಕೃಷ್ಣೆಯ ಮೇಲೆ ಸೇತುವೆ. ಮೇಲೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಿದ್ದರು, ಹೊಳೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಸ್ಸು ಸೇತುವೆಯ ನಡುವೆ ಎತ್ತಿನ ಗಾಡಿಯೊಂದರ ಹಿಂದೆ ನಿಂತಿತು. ನಿಂತದ್ದು ಒಂದೆರಡು ನಿಮಿಷವಿರಬಹುದು. ಆ ಹೊತ್ತಿನಲ್ಲಿ ನನಗೆ ಈ ಸೇತುವೆ ಕುಸಿಯುತ್ತದೆ ಎಂಬುದು ತಿಳಿಯಿತು. ಅನಿಸಿತು ಎಂದು ಹೇಳುತ್ತಿಲ್ಲ, ತಿಳಿಯಿತು ಎಂದೇ ಹೇಳುತ್ತಿದ್ದೇನೆ. ನನ್ನ ಹೆಸರು ನನಗೆ ತಿಳಿದಿರುವಷ್ಟು ಖಚಿತವಾಗಿ. ಅಂಗೈ ಬೆವರಿತು, ಕಿವಿಯಲ್ಲಿ ಗುಂಯ್ ಎಂಬ ಸದ್ದು, ಉಸಿರು ಅರ್ಧಕ್ಕೇ ನಿಂತು ತಿರುಗಿತು. ಪಕ್ಕದಲ್ಲಿ ಕುಳಿತಿದ್ದ ರೈತನೊಬ್ಬ, “ಸರ, ನೀರ ಕುಡೀರಿ” ಎಂದು ತನ್ನ ತತ್ರಾಣಿ ಕೊಟ್ಟ. ಗಾಡಿ ಸರಿಯಿತು, ಬಸ್ಸು ಆಚೆಯ ದಡ ಸೇರಿತು. ಸೇತುವೆಗೆ ಏನೂ ಆಗಲಿಲ್ಲ. ಆದದ್ದೆಲ್ಲ ನನಗೇ.

ಹೃದಯದ ಕಾಯಿಲೆಯೆಂದು ತಿಳಿದು ಪಟ್ಟಣದ ವೈದ್ಯರೊಬ್ಬರಲ್ಲಿಗೆ ಹೋದೆ. ಅವರು ಎದೆಯ ಪರೀಕ್ಷೆ ಮಾಡಿಸಿ, ಹೃದಯ ಚೆನ್ನಾಗಿದೆಯೆಂದು ಹೇಳಿ, ರಾತ್ರಿಗೊಂದು ಚಿಕ್ಕ ಗುಳಿಗೆ ಬರೆದುಕೊಟ್ಟರು. ಆಲ್ಪ್ರಜೋಲಾಮ್. ಹದಿನೈದು ದಿನಕ್ಕೆಂದು ಬರೆದದ್ದು. ನಾನು ಏಳು ವರ್ಷ ನುಂಗಿದೆ. ಅಂಗಡಿಯವನು ಚೀಟಿ ಕೇಳುತ್ತಿರಲಿಲ್ಲ, ನಾನು ತೋರಿಸುತ್ತಲೂ ಇರಲಿಲ್ಲ. “ಮಾಸ್ತರ ಗುಳಿಗಿ ಕೊಡೋ” ಎಂದು ಅವನು ತನ್ನ ಹುಡುಗನಿಗೆ ಹೇಳಿದರೆ ಸಾಕು, ಹುಡುಗನಿಗೆ ಯಾವುದೆಂದು ಗೊತ್ತಿರುತ್ತಿತ್ತು. ಇಂಥ ಗುಳಿಗೆಗಳನ್ನು 2013ರಲ್ಲಿ ಸರಕಾರ ಎಚ್-1 ಎಂಬ ಅನುಸೂಚಿಗೆ ಸೇರಿಸಿತು. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ, ಇಷ್ಟನ್ನೂ ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು. ಆ ಮಟ್ಟಿಗೆ ಅದು ಒಳ್ಳೆಯ ಕಟ್ಟಳೆ. ನನ್ನ ಪಾಲಿಗೆ ತಡವಾಗಿ ಬಂತು, ಅಷ್ಟೆ.

ಈ ವ್ಯಾಧಿಯ ಸ್ವರೂಪವನ್ನು ಅದನ್ನು ಅನುಭವಿಸದವರಿಗೆ ಹೇಗೆ ವಿವರಿಸಲಿ? ನಮ್ಮ ಸೀಮೆಯಲ್ಲಿಯೇ ಕೊಡೇಕಲ್ ಇದೆ. ಕೊಡೇಕಲ್ ಬಸವಣ್ಣನವರ ಪರಂಪರೆ ಕಾಲಜ್ಞಾನಕ್ಕೆ ಪ್ರಸಿದ್ಧವಾದದ್ದು. ಮುಂದೆ ಆಗುವುದನ್ನು ಈಗಲೇ ಹೇಳುವ ಸಾಹಿತ್ಯ ಅದು. ಅದನ್ನು ನಾನು ಪಾಠವಾಗಿಯೂ ಹೇಳಿದ್ದೇನೆ, ಅದರ ಹಸ್ತಪ್ರತಿಗಳನ್ನು ಹುಡುಕಿಕೊಂಡು ಅಲೆದಿದ್ದೇನೆ. ಆ ಕಾಲಜ್ಞಾನಿಗಳು ಲೋಕದ ಕೇಡನ್ನು ಕುರಿತು ಯೋಚಿಸಿದವರು, ಕೇಡಿನಾಚೆಗೆ ಒಳಿತೊಂದನ್ನು ಕಂಡವರು. ನನ್ನ ಎದೆಯೊಳಗೆ ಕುಳಿತವನು ಬೇರೆ ಜಾತಿಯವನು. ಅವನಿಗೆ ಲೋಕದ ಗೊಡವೆಯಿಲ್ಲ. ಮಗ ಹೈದರಾಬಾದಿನಿಂದ ಫೋನು ಮಾಡುವುದು ಹತ್ತು ನಿಮಿಷ ತಡವಾದರೆ ಅಪಘಾತವಾಗಿದೆಯೆಂದು ಹೇಳುತ್ತಾನೆ. ಯಾದಗಿರಿಯ ನಿಲ್ದಾಣದಲ್ಲಿ ರೈಲು ಹತ್ತುವಾಗ ಟಿಕೇಟು ನಿನ್ನೆಯದಿರಬೇಕೆಂದು ಹೇಳುತ್ತಾನೆ. ನಾಲ್ಕು ಸಲ ತೆಗೆದು ನೋಡಿದರೂ ಐದನೆಯ ಸಲ ನೋಡಿಸುತ್ತಾನೆ. ಎಲ್ಲಕ್ಕೂ ಹೆಚ್ಚಾಗಿ ಬೆಳಗಿನ ಜಾವ ನಾಲ್ಕಕ್ಕೆ ಬಂದು ಎಬ್ಬಿಸುತ್ತಾನೆ. ಯಾವ ಸುದ್ದಿಯನ್ನೂ ತಂದಿರುವುದಿಲ್ಲ. ಸುಮ್ಮನೆ ಎಬ್ಬಿಸಿ ಎದುರು ಕೂಡುತ್ತಾನೆ.

ಭವಿಷ್ಯವನ್ನು ಎದೆಯಲ್ಲಿಟ್ಟುಕೊಂಡು ಬದುಕುವುದೆಂದರೆ ಏನೆಂಬುದಕ್ಕೆ ಸುರಪುರದ ಚರಿತ್ರೆಯಲ್ಲಿಯೇ ಒಂದು ಪ್ರಸಂಗವಿದೆ. ಕರ್ನಲ್ ಮೆಡೋಸ್ ಟೇಲರನ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳಲು ಬಂದವನು. ಗುಡ್ಡದ ಮೇಲಿನ ಅವನ ಬಂಗಲೆಗೆ ಇಂದಿಗೂ ಅವನದೇ ಹೆಸರು. ಅವನ ಆತ್ಮಕಥೆ ಅವನು ತೀರಿಕೊಂಡ ಮೇಲೆ, 1877ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಜಾತಕದ ಕಥೆ ಬರುತ್ತದೆ. ಹುಡುಗ ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟುವುದಿಲ್ಲವೆಂದು ಜಾತಕ ಹೇಳುತ್ತಿತ್ತಂತೆ. ತಾಯಿ ರಾಣಿ ಈಶ್ವರಮ್ಮನಿಗೆ ಅದು ಗೊತ್ತಿತ್ತು, ಅರಮನೆಯ ಶಾಸ್ತ್ರಿಗೆ ಗೊತ್ತಿತ್ತು, ಟೇಲರನಿಗೆ ಗೊತ್ತಿತ್ತು. ಹುಡುಗ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತ ಬೆಳೆದ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ, ಶಿಕ್ಷೆಗೆಂದು ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಬಲಿಯಾದ. ತಾನೇ ಹಾರಿಸಿಕೊಂಡನೆಂದು ಕೆಲವರು, ಕೊಂದರೆಂದು ಕೆಲವರು. ನಾವು ಶಾಲೆಯಲ್ಲಿ ಓದಿದ್ದು ವೀರನ ಕಥೆ, ಅದು ಸರಿಯೇ. ಆದರೆ ನನ್ನ ಮನಸ್ಸು ಪ್ರತಿಸಲವೂ ಹೋಗುವುದು ಆ ತಾಯಿಯ ಕಡೆಗೆ. ಮಗ ಅಂಗಳದಲ್ಲಿ ಕುದುರೆ ಓಡಿಸುತ್ತಿದ್ದಾಗ ಆಕೆ ವರ್ಷಗಳನ್ನು ಎಣಿಸುತ್ತಿದ್ದಿರಬೇಕು. ಹದಿನಾಲ್ಕು, ಹದಿನೈದು, ಹದಿನಾರು ಎಂದು. ಅದು ಯಾವ ಚರಿತ್ರೆಯಲ್ಲಿಯೂ ದಾಖಲಾಗಿಲ್ಲ.

ಆಕೆಯ ಪಾಲಿಗೆ ಭವಿಷ್ಯ ನಿಜವಾಯಿತು. ತೊಂದರೆ ಇರುವುದು ಇಲ್ಲಿಯೇ. 2003ರ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಮನೆಯ ಫೋನು ಬಾರಿಸಿತು, ಎತ್ತುವ ಮೊದಲೇ ಅಪ್ಪ ಹೋದನೆಂದು ನಾನು ಹೆಂಡತಿಗೆ ಹೇಳಿದ್ದೆ, ಹೋಗಿದ್ದ. ಅಂದಿನಿಂದ ನನ್ನೊಳಗಿನವನ ಮಾತಿಗೆ ಬೆಲೆ ಹೆಚ್ಚಿತು. ಸುಳ್ಳಾದ ಸಾವಿರವನ್ನು ಮನಸ್ಸು ಲೆಕ್ಕಕ್ಕೆ ಹಿಡಿಯಲಿಲ್ಲ, ನಿಜವಾದ ಒಂದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿತು.

2006ರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರ ಒತ್ತಾಯದಿಂದ ಗುಲಬರ್ಗಾದ ಮನೋವೈದ್ಯರೊಬ್ಬರನ್ನು ಕಂಡೆ. ಊರಿಗೆ ಇನ್ನೂ ಆ ಹೆಸರೇ ಇತ್ತು. ಕಲಬುರಗಿ ಆದದ್ದು 2014ರ ನವೆಂಬರಿನಲ್ಲಿ. ಅವರು ನನ್ನ ಆಲ್ಪ್ರಜೋಲಾಮಿನ ಕಥೆ ಕೇಳಿ ತಲೆ ಕೈಯಲ್ಲಿ ಹಿಡಿದುಕೊಂಡರು. ಈ ಗುಳಿಗೆ ತಾತ್ಕಾಲಿಕ ಊರುಗೋಲೇ ಹೊರತು ಕಾಲಲ್ಲ, ಅದಕ್ಕೆ ದೇಹ ಒಗ್ಗಿಹೋಗುತ್ತದೆ, ಒಗ್ಗಿದ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಫಿಟ್ಸ್ ಕೂಡ ಬರಬಹುದು ಎಂದು ವಿವರಿಸಿದರು. ಎಸ್ಸಿಟಲೋಪ್ರಾಮ್ ಎಂಬ ಬೇರೆ ಬಗೆಯ ಮಾತ್ರೆ ಆರಂಭಿಸಿ, ಹಳೆಯದನ್ನು ತಿಂಗಳುಗಟ್ಟಲೆ ಚೂರುಚೂರಾಗಿ ಕಡಿಮೆ ಮಾಡಿಸಿದರು. ಹೊಸ ಮಾತ್ರೆ ಮೂರು ವಾರ ಏನನ್ನೂ ಮಾಡಲಿಲ್ಲ. ಐದನೆಯ ವಾರ ಒಂದು ದಿನ ಕಣ್ಣು ತೆರೆದಾಗ ಕಿಟಕಿಯಲ್ಲಿ ಬಿಸಿಲಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಬರುವವನು ಬಂದಿರಲಿಲ್ಲ. ಹಾಸಿಗೆಯ ಮೇಲೆ ಕುಳಿತು ಅತ್ತೆ. ಹೆಂಡತಿ ಗಾಬರಿಯಾಗಿ ಓಡಿಬಂದಳು. ನಿದ್ದೆ ಬಂದದ್ದಕ್ಕೆ ಅಳುತ್ತಿದ್ದೇನೆಂದು ಆಕೆಗೆ ತಿಳಿಹೇಳುವುದು ಕಷ್ಟವಾಯಿತು.

ಸುಖವಾಗಿ ಐದು ವರ್ಷ ಕಳೆದವು. ಸುಖವಾಗಿದ್ದಾಗಲೇ ಅಹಂಕಾರ ಬರುವುದು. 2011ರಲ್ಲಿ ಕಾಲೇಜಿನ ಪ್ರವಾಸದಲ್ಲಿ ತರುಣ ಅಧ್ಯಾಪಕರೊಬ್ಬರು ನಾನು ಮಾತ್ರೆ ನುಂಗುವುದನ್ನು ನೋಡಿ ಹೆಸರು ಓದಿಕೊಂಡರು. “ಸರ, ವಚನ ಪಾಠ ಹೇಳೋ ನೀವ ಹಿಂಗಾದರ ನಾವೇನು ಮಾಡಬೇಕ್ರಿ?” ಎಂದರು. ಕುಚೇಷ್ಟೆಯ ಮಾತಲ್ಲ, ಪ್ರೀತಿಯಿಂದ ಆಡಿದ್ದೇ. ನನಗೆ ಮಾತ್ರ ಅದು ಚುಚ್ಚಿತು. ಶರಣರ ಧೈರ್ಯವನ್ನು ಹುಡುಗರಿಗೆ ಬೋಧಿಸುವವನು ಹತ್ತು ಮಿಲಿಗ್ರಾಂ ಧೈರ್ಯವನ್ನು ಡಬ್ಬಿಯಲ್ಲಿ ಕೊಳ್ಳುತ್ತಾನೆಂಬ ನಾಚಿಕೆ. ಮನೆಗೆ ಬಂದವನೇ ಡಬ್ಬಿಯನ್ನು ಹಿತ್ತಿಲಿನ ತಿಪ್ಪೆಗೆ ಎಸೆದೆ. ವೈದ್ಯರಿಗೆ ತಿಳಿಸಲಿಲ್ಲ, ಮನೆಯವಳಿಗೂ ಹೇಳಲಿಲ್ಲ.

ಮೂರನೆಯ ದಿನಕ್ಕೆ ತಲೆ ತಿರುಗಲು ಆರಂಭವಾಯಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ವಿದ್ಯುತ್ತಿನ ತಂತಿ ತಾಗಿದಂತೆ ಝಿಲ್ ಎಂಬ ಅನುಭವ. ಸಣ್ಣ ಮಾತಿಗೆ ಸಿಟ್ಟು. ಮೊಸರನ್ನದ ತಟ್ಟೆಯನ್ನು ಒಮ್ಮೆ ತಳ್ಳಿಬಿಟ್ಟೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನು ಹಾಗೆ ಮಾಡಿದವನಲ್ಲ. ಇದೆಲ್ಲ ಮಾತ್ರೆಯನ್ನು ಥಟ್ಟನೆ ಬಿಟ್ಟದ್ದರ ಪರಿಣಾಮವೆಂಬ ತಿಳಿವಳಿಕೆ ನನಗಿರಲಿಲ್ಲ. ನನ್ನ ನಿಜವಾದ ಸ್ವಭಾವವೇ ಹೊರಬಿದ್ದಿದೆಯೆಂದು, ಇಷ್ಟು ವರ್ಷ ಮಾತ್ರೆ ಅದನ್ನು ಮುಚ್ಚಿಟ್ಟಿತ್ತೆಂದು ತಿಳಿದೆ. ಮೂರು ವಾರದ ಮೇಲೆ ಹಳೆಯ ಅತಿಥಿಯೂ ಬಂದ, ನಾಲ್ಕು ಗಂಟೆಗೆ ಸರಿಯಾಗಿ. ತರಗತಿಯ ಬಾಗಿಲಲ್ಲಿ ಹಾಜರಿಪುಸ್ತಕ ಹಿಡಿದು ನಿಂತು, ಒಳಗೆ ಹೋಗಲಾರದೆ ಹಿಂದಿರುಗಿದ ದಿನ ಮತ್ತೆ ಗುಲಬರ್ಗಾದ ಬಸ್ಸು ಹತ್ತಿದೆ. ವೈದ್ಯರು ಬೈಯಲಿಲ್ಲ. “ಕನ್ನಡಕ ಹಾಕಿಕೊಂಡು ಪಾಠ ಮಾಡ್ತೀರಲ್ಲ ಸರ, ಅದಕ್ಕೆ ನಾಚಿಕೆಯಿಲ್ಲವೆ?” ಎಂದು ಮಾತ್ರ ಕೇಳಿದರು. ಆ ಹೋಲಿಕೆಯನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಕನ್ನಡಕ ತೆಗೆದರೆ ಅಕ್ಷರ ಕಾಣುವುದಿಲ್ಲ, ಅಷ್ಟೆ. ಅದು ತಲೆಯೊಳಗೆ ಝಿಲ್ ಎನ್ನಿಸುವುದಿಲ್ಲ. ಆದರೂ ಆ ಹೊತ್ತಿಗೆ ಆ ಮಾತು ನನ್ನನ್ನು ಎತ್ತಿ ನಿಲ್ಲಿಸಿತು.

ನಿವೃತ್ತನಾದದ್ದು 2018ರಲ್ಲಿ. ಶಹಾಪುರದಲ್ಲಿ ಮನೆ ಕಟ್ಟಿಸಿಕೊಂಡೆವು. ಮಾಳಿಗೆಯ ಮೇಲೆ ನಿಂತರೆ ಮಲಗಿದ ಬುದ್ಧನಂತೆ ತೋರುವ ಬೆಟ್ಟ ಕಾಣುತ್ತದೆ. ಮಾತ್ರೆ ಬಿಡುವ ಪ್ರಶ್ನೆ ಮತ್ತೆ ಎದ್ದದ್ದು ಈ ಮನೆಯಲ್ಲಿ, ಈ ಸಲ ಅಹಂಕಾರದಿಂದಲ್ಲ.

2023ರ ಬೇಸಿಗೆಯಲ್ಲಿ ಮುದನೂರಿಗೆ ಉಪನ್ಯಾಸಕ್ಕೆ ಹೋಗಿದ್ದೆ. ಆದ್ಯ ವಚನಕಾರ ದೇವರ ದಾಸಿಮಯ್ಯ ಹುಟ್ಟಿದ ಊರು. ಅವನನ್ನು ಕುರಿತು ನಾನು ನೂರು ಸಲವಾದರೂ ಮಾತಾಡಿರಬೇಕು. ಮಾತಿನ ನಡುವೆ “ದಾಸಿಮಯ್ಯನ ಅಂಕಿತ” ಎಂದವನು ಅಲ್ಲಿಗೇ ನಿಂತೆ. ಅಂಕಿತ ಹೊಳೆಯಲಿಲ್ಲ. ಎದುರಿಗೆ ಅದೇ ದೇವರ ಗುಡಿ, ಸಭೆಯಲ್ಲಿ ಅದೇ ದೇವರ ಹೆಸರಿಟ್ಟುಕೊಂಡವರು ಎಷ್ಟೋ ಮಂದಿ. ನನ್ನ ನಾಲಗೆಗೆ ಮಾತ್ರ ಅದು ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುದುಕ ನೇಕಾರರೊಬ್ಬರು ಮೆಲ್ಲಗೆ, “ರಾಮನಾಥ ಅಲ್ರೀ ಸರ?” ಎಂದರು. ಸಭೆ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮರೆವಿನ ಕಾಯಿಲೆ ಬಂತೆಂದು ತೀರ್ಮಾನಿಸಿಕೊಂಡು ಎರಡು ರಾತ್ರಿ ಕಳೆದೆ. ಮಗ ಬಂದು ರಕ್ತಪರೀಕ್ಷೆ ಮಾಡಿಸಿದ. ರಕ್ತದಲ್ಲಿ ಸೋಡಿಯಂ ಎಂಬ ಲವಣಾಂಶ 135ರಿಂದ 145ರವರೆಗೆ ಇರಬೇಕು. ನನ್ನದು 129 ಇತ್ತು. ಕಾರಣ ಎರಡು ಹೇಳಿದರು. ನನ್ನ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶವಿತ್ತು. ಅದು ಲವಣವನ್ನು ಕಳೆಯುತ್ತದೆ. ಎರಡನೆಯದು ನನ್ನ ಎಸ್ಸಿಟಲೋಪ್ರಾಮ್. ಆ ಜಾತಿಯ ಮಾತ್ರೆಗಳು ವಯಸ್ಸಾದವರಲ್ಲಿ ಕೆಲವರಿಗೆ ಸೋಡಿಯಂ ಇಳಿಸುತ್ತವೆಯಂತೆ. ಬಿ.ಪಿ. ಮಾತ್ರೆ ಬದಲಿಸಿದೊಡನೆ 133ಕ್ಕೆ ಏರಿತು. ಅಲ್ಲಿಗೇ ನಿಂತಿತು. ಉಳಿದದ್ದು ನಿಘಂಟಿನ ಹಿಂದಿನ ಡಬ್ಬಿ.

ಮನೋವೈದ್ಯರು, ಈಗಿನವರು ತರುಣ ವೈದ್ಯೆ, ಮೂರು ದಾರಿ ಮುಂದಿಟ್ಟರು. ಬೇರೆ ಜಾತಿಯ ಮಾತ್ರೆಗೆ ಬದಲಿಸಬಹುದು. ಇದನ್ನೇ ಕಡಿಮೆ ಮಾಡಿ ನೋಡಬಹುದು. ನಿಧಾನವಾಗಿ ಪೂರ್ತಿ ಬಿಟ್ಟೂ ನೋಡಬಹುದು. ಅವಸರವಿಲ್ಲ, ಮನೆಯಲ್ಲಿ ಮಾತಾಡಿ ಬನ್ನಿ ಎಂದರು. ಆತಂಕದ ರೋಗಿಗೆ ಇಂಥ ಸ್ವಾತಂತ್ರ್ಯ ಕೊಡುವುದು ಹಸಿದವನಿಗೆ ಅಡಿಗೆಯ ಪುಸ್ತಕ ಕೊಟ್ಟಂತೆ. ಇದೇ ಮಾಡಿ ಎಂದು ಅವರು ಅಪ್ಪಣೆ ಮಾಡಿದ್ದರೆ ಮಾಡುತ್ತಿದ್ದೆ.

ಮಗ ಇಂಗ್ಲಿಷ್ ಲೇಖನವೊಂದನ್ನು ತೆಗೆದು ಓದಿ ಹೇಳಿದ. ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ 2017ರಲ್ಲಿ ಬಂದದ್ದು. ಆತಂಕದ ಕಾಯಿಲೆಗಳಿಗೆ ಇಂಥ ಮಾತ್ರೆ ತೆಗೆದುಕೊಂಡು ಗುಣ ಕಂಡ 5233 ಜನರ ಮೇಲೆ ನಡೆದ 28 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಮಾತ್ರೆ ಮುಂದುವರಿಸಿದವರಲ್ಲಿ ನೂರಕ್ಕೆ 16 ಮಂದಿಗೆ ಕಾಯಿಲೆ ಮರುಕಳಿಸಿತು. ನಿಲ್ಲಿಸಿ ಸಪ್ಪೆ ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 36 ಮಂದಿಗೆ. ಇದು ಒಂದು ವರ್ಷದೊಳಗಿನ ಲೆಕ್ಕ. ಅದರಾಚೆ ಹೇಳಲು ಅವರಿಗೆ ಆಧಾರವಿರಲಿಲ್ಲ. ನಾನು “36 ಅಂದರೆ ಬಹಳ ಆಯಿತಲ್ಲ” ಎಂದೆ. ಮಗ “ಅಪ್ಪಾ, ಬಿಟ್ಟವರಾಗ 64 ಮಂದಿಗೆ ಏನೂ ಆಗಿಲ್ಲಲ್ಲ” ಎಂದ. ಇಬ್ಬರೂ ನೋಡುತ್ತಿದ್ದುದು ಅದೇ ಕಾಗದವನ್ನು. ನೂರರಲ್ಲಿ ನಾನು ಯಾರು ಎಂಬುದನ್ನು ಆ ಕಾಗದ ಹೇಳಲಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ.

ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ಮನೆಯವಳು ಹೊರಗೆ ಬಂದಳು. “ಬಿಡೋದು ಬಿಡದಿರೋದು ನಿಮಗ ಸೇರಿದ್ದುರಿ. ಆದರ ಹೋದ ಸಲದಂಗ ನನಗ ಹೇಳದ ಬಿಡಬ್ಯಾಡ್ರಿ. ಆವಾಗ ನಿಮಗ ಏನಾಗ್ಯಾದ ಅಂತ ತಿಳೀದ ನಾ ಮೂರು ವಾರ ನಿದ್ದಿ ಮಾಡಿಲ್ಲ” ಎಂದಳು. ಹನ್ನೆರಡು ವರ್ಷಗಳ ಹಿಂದಿನ ಮಾತು. ಅಷ್ಟೂ ವರ್ಷ ಆಕೆ ಅದನ್ನು ಆಡಿರಲಿಲ್ಲ. ನನ್ನ ಆತಂಕವನ್ನು ನನ್ನೊಬ್ಬನ ಸ್ವತ್ತೆಂದು ತಿಳಿದಿದ್ದವನಿಗೆ, ಆ ಮೂರು ವಾರ ನಮ್ಮ ಮನೆಯಲ್ಲಿಯೂ ಒಬ್ಬ ಈಶ್ವರಮ್ಮ ಎಚ್ಚರವಾಗಿ ಕುಳಿತಿದ್ದಳೆಂಬುದು ಆಗ ಗೊತ್ತಾಯಿತು.

ಕಡಿಮೆ ಮಾಡಿ ನೋಡೋಣವೆಂದು ನಿರ್ಧರಿಸಿದೆವು. ‘ದೆವು’ ಎಂಬ ಬಹುವಚನವನ್ನು ವೈದ್ಯೆ ಗಮನಿಸಿ ಸಂತೋಷಪಟ್ಟರು. ಅವರು ಕಾಗದದ ಮೇಲೆ ಒಂದು ಗೆರೆ ಬರೆದು ತೋರಿಸಿದರು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ದ್ರವ್ಯವನ್ನು ಮರಳಿ ಹೀರಿಕೊಳ್ಳುವ ಬಾಗಿಲುಗಳಿವೆ. ಈ ಮಾತ್ರೆ ಅವುಗಳನ್ನು ಮುಚ್ಚುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ನೂರಕ್ಕೆ ಸುಮಾರು 80 ಬಾಗಿಲು ಮುಚ್ಚಿರುತ್ತವೆ. ಮಾತ್ರೆಯನ್ನು ಅರ್ಧ ಮಾಡಿದರೆ ಅದು 40ಕ್ಕೆ ಇಳಿಯುವುದಿಲ್ಲ, ಸ್ವಲ್ಪವೇ ಇಳಿಯುತ್ತದೆ. ಕೊನೆಯ ಚೂರು ಬಿಟ್ಟಾಗಲೇ ದೊಡ್ಡ ಇಳಿತ. ನಮ್ಮ ಹಳೆಯ ಬಾವಿಗಳಂತೆ: ಮೇಲಿನ ಮೆಟ್ಟಿಲು ಸಣ್ಣವು, ನೀರಿನ ಹತ್ತಿರದವು ಎತ್ತರದವು, ಪಾಚಿಗಟ್ಟಿದವು. ಅದಕ್ಕಾಗಿ ಕೆಳಗಿಳಿದಂತೆಲ್ಲ ಹೆಜ್ಜೆ ಚಿಕ್ಕದಾಗಬೇಕು, ನಿಧಾನವಾಗಬೇಕು. ಇದನ್ನು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ಪತ್ರಿಕೆಯಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ಎಂಬ ಇಬ್ಬರು ವಾದಿಸಿ ತೋರಿಸಿದರಂತೆ. ಇಲ್ಲಿಯೂ ಒಬ್ಬ ಟೇಲರ್ ಬಂದನಲ್ಲ ಎಂದು ಸುರಪುರದವನಾದ ನನಗೆ ನಗು ಬಂತು. ವೈದ್ಯೆಗೆ ಅದರ ಹಿನ್ನೆಲೆ ಹೇಳಬೇಕಾಯಿತು, ಹೊರಗೆ ಸಾಲಿನಲ್ಲಿ ಕುಳಿತ ರೋಗಿಗಳ ಕ್ಷಮೆ ಕೋರುತ್ತೇನೆ.

ಅವರು ಹೇಳಿಕೊಟ್ಟ ಇನ್ನೊಂದು ಉಪಾಯ ವಹಿಯದು. ಬೆಳಿಗ್ಗೆ ಮನಸ್ಸು ಏನು ಭವಿಷ್ಯ ಹೇಳುತ್ತದೆಯೋ ಅದನ್ನು ಎಡಬದಿಗೆ ಬರೆಯಬೇಕು, ಮುಂದೆ ಏನಾಯಿತೆಂಬುದನ್ನು ಬಲಬದಿಗೆ. ನಾನು ಒಂದು ಉದ್ದನೆಯ ವಹಿ ಕೊಂಡು ಮೇಲೆ ‘ಕಾಲಜ್ಞಾನ’ ಎಂದು ಬರೆದೆ. ಮೊದಲ ಪುಟಗಳಿಂದ ಕೆಲವನ್ನು ಓದುತ್ತೇನೆ. “ಯಾದಗಿರಿಯಿಂದ ಬರುವ ಬಸ್ಸು ಕೆಟ್ಟು ನಿಲ್ಲುತ್ತದೆ.” ಬಲಬದಿಗೆ: ಬಂತು, ಕೂಡಲು ಜಾಗವೂ ಸಿಕ್ಕಿತು. “ಮೊಮ್ಮಗಳ ಜ್ವರ ಡೆಂಗೂ ಆಗಿರುತ್ತದೆ.” ಬಲಬದಿಗೆ: ನೆಗಡಿ. “ಪಿಂಚಣಿ ಈ ತಿಂಗಳು ಬರುವುದಿಲ್ಲ.” ಬಲಬದಿಗೆ: ಬಂತು. “ಮಾಳಿಗೆ ಸೋರುತ್ತದೆ.” ಬಲಬದಿಗೆ: ಸೋರಿತು. ಸೋರಿದ್ದನ್ನೂ ಬರೆಯಬೇಕು, ಅದು ನಿಯಮ. ಇಲ್ಲವಾದರೆ ವಹಿ ಸುಳ್ಳಾಗುತ್ತದೆ. ಸೋರಿದ ದಿನ ಬಕೀಟು ಇಟ್ಟೆವು, ಮರುದಿನ ಗೌಂಡಿ ಬಂದ. ಅದನ್ನೂ ಬರೆದಿದ್ದೇನೆ.

ಹತ್ತರಿಂದ ಏಳೂವರೆಗೆ, ಮೂರು ತಿಂಗಳ ಮೇಲೆ ಐದಕ್ಕೆ ಇಳಿದೆ. ಸೋಡಿಯಂ 137ಕ್ಕೆ ಬಂತು. ಬಹಳ ಹಿಗ್ಗಿದೆ. ಇನ್ನೂ ಆರು ತಿಂಗಳ ನಂತರ ಎರಡೂವರೆಗೆ ಇಳಿದೆವು. ಮೊದಲ ವಾರ ಸ್ವಲ್ಪ ತಲೆ ತಿರುಗಿತು. ಅದು ಮಾತ್ರೆ ಇಳಿಸಿದ್ದರ ಲಕ್ಷಣ, ಬಂದ ಹಾಗೆಯೇ ಹೋಯಿತು. ಎರಡು ತಿಂಗಳು ದಾಟಿದ ಮೇಲೆ ಬೇರೆಯದೇ ಶುರುವಾಯಿತು. ನಾಲ್ಕು ಗಂಟೆಗೆ ಎಚ್ಚರ. ಎದುರು ಕುಳಿತ ಅವನೇ. ಬಿಟ್ಟದ್ದರ ತೊಂದರೆ ದಿನಗಳಲ್ಲಿ ಬರುತ್ತದೆ, ಮೈಯಲ್ಲಿ ಕಾಣಿಸುತ್ತದೆ. ಕಾಯಿಲೆ ಮರಳುವುದಾದರೆ ಸಾಮಾನ್ಯವಾಗಿ ವಾರ ತಿಂಗಳುಗಳ ಮೇಲೆ, ಹಳೆಯ ವೇಷದಲ್ಲಿಯೇ ಬರುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರು. ಹಿಂದಿನ ಸಲದಂತೆ ಇದನ್ನು ಮುಚ್ಚಿಡಲಿಲ್ಲ. ಮೂರನೆಯ ರಾತ್ರಿಯೇ ಮನೆಯವಳನ್ನು ಎಬ್ಬಿಸಿ ಹೇಳಿದೆ. ಆಕೆ ಎದ್ದು ಚಹಾ ಮಾಡಿದಳು; ನಾಲ್ಕೂವರೆಗೆ ಮಾಳಿಗೆಯ ಮೇಲೆ ಕುಳಿತು ಕುಡಿದೆವು. ಬೆಟ್ಟ ಇನ್ನೂ ಕಪ್ಪಾಗಿತ್ತು, ಬುದ್ಧನ ಮೂಗು ಕಾಣುತ್ತಿರಲಿಲ್ಲ. ಆ ವಾರವೇ ಐದು ಮಿಲಿಗ್ರಾಮಿಗೆ ಹಿಂದಿರುಗಿದೆ. ತಿಂಗಳೊಪ್ಪತ್ತಿನಲ್ಲಿ ನಿದ್ದೆ ಸರಿಹೋಯಿತು.

ಇದನ್ನು ಸೋಲೆಂದು ಬಗೆಯುವ ಮಿತ್ರರಿದ್ದಾರೆ. ಯೋಗ ಮಾಡಿ, ಊರು ಬದಲಿಸಿ, ಮಾತ್ರೆಯೊಂದನ್ನು ಬಿಡಿ ಎಂದು ಬುದ್ಧಿ ಹೇಳುತ್ತಾರೆ. ತಿಂಥಣಿಗೆ ನಡೆದುಕೊಳ್ಳಿ ಎಂದವರೂ ಇದ್ದಾರೆ. ನಾನು ಹೋಗುತ್ತೇನೆ, ಅಲ್ಲಿ ಹೊಳೆಯ ದಂಡೆಯಲ್ಲಿ ಕುಳಿತರೆ ಮನಸ್ಸು ಹಗುರಾಗುವುದೂ ನಿಜ. ಉಸಿರಾಟದ ಅಭ್ಯಾಸವನ್ನೂ ಮಾಡುತ್ತೇನೆ, ಸಂಜೆ ನಡೆಯುತ್ತೇನೆ. ಆದರೆ ಮಾತ್ರೆ ಬಿಟ್ಟವನು ಶೂರ, ನುಂಗುವವನು ಹೇಡಿ ಎಂಬ ಲೆಕ್ಕಾಚಾರವನ್ನು ನಾನು ಒಪ್ಪಲಾರೆ. ಆ ಲೆಕ್ಕಾಚಾರವೇ ನನ್ನನ್ನು ಒಮ್ಮೆ ತಿಪ್ಪೆಯ ಬಳಿ ನಿಲ್ಲಿಸಿತ್ತು. ಮಾತ್ರೆಯನ್ನು ಪ್ರಶ್ನಿಸಲೇಬಾರದೆಂಬ ವಾದವೂ ನನ್ನದಲ್ಲ. ಮುದನೂರಿನ ಸಭೆಯಲ್ಲಿ ನನ್ನ ನಾಲಗೆಯಿಂದ ರಾಮನಾಥನನ್ನು ಕಸಿದುಕೊಂಡದ್ದರಲ್ಲಿ ಅದರದೂ ಪಾಲಿತ್ತು.

ಒಂದು ಮಾತು ಅವಶ್ಯ ಹೇಳಬೇಕು. 1999ರಲ್ಲಿ ನನ್ನಂಥವನಿಗೆ ಮನೋವೈದ್ಯರೆಂದರೆ ಧಾರವಾಡ, ಬೆಂಗಳೂರು, ಹೈದರಾಬಾದು. ಆ ಹೆಸರುಗಳನ್ನು ಕೇಳಿಯೇ ಜನ ಹೆದರುತ್ತಿದ್ದರು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯವರು ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರದಲ್ಲಿಯೇ ಔಷಧ ಸಿಗುವಂತೆ ಮಾಡಿದರು. 1996ರಲ್ಲಿ ದೇಶಕ್ಕೆಲ್ಲ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿಯಾಯಿತು. 2014ರಿಂದ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡು ನಮ್ಮ ರಾಜ್ಯದಲ್ಲಿ ಬಂತು. 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಇದೆ. 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಬೆಳಗಿನ ಜಾವ ನಾಲ್ಕಕ್ಕೂ ಎತ್ತುತ್ತಾರೆ. ನನ್ನ ಈ ಮಾತು ಕೇಳಿ ಯಾರಾದರೂ ಈ ರಾತ್ರಿಯೇ ಡಬ್ಬಿ ಎಸೆಯಲು ಹೊರಟಿದ್ದರೆ ದಯವಿಟ್ಟು ಮೊದಲು ಆ ಸಂಖ್ಯೆಗಾದರೂ ಮಾತಾಡಿ, ಇಲ್ಲವೆ ನಿಮ್ಮ ವೈದ್ಯರಲ್ಲಿಗೆ ಹೋಗಿ.

ಮುಂದಿನ ತಿಂಗಳು ವೈದ್ಯೆಯನ್ನು ಕಾಣುವುದಿದೆ. ಐದರಲ್ಲಿಯೇ ಉಳಿಯೋಣವೆ, ಅಥವಾ ಇನ್ನೂ ಚಿಕ್ಕ ಹೆಜ್ಜೆಯಲ್ಲಿ ಮತ್ತೊಮ್ಮೆ ಇಳಿದು ನೋಡೋಣವೆ ಎಂದು ಕೇಳುತ್ತಾರೆ. ಮನೆಯವಳಿಗೆ ಐದೇ ಇರಲಿ ಎಂಬ ಮನಸ್ಸು. ಮಗನಿಗೆ ಇನ್ನೊಮ್ಮೆ ಪ್ರಯತ್ನಿಸಲಿ ಎಂದು. ನಾನು ಇನ್ನೂ ಮನಸ್ಸು ಮಾಡಿಲ್ಲ. ಮನಸ್ಸು ಮಾಡದೆಯೂ ರಾತ್ರಿ ನಿದ್ದೆ ಬರುತ್ತಿದೆ, ಸದ್ಯಕ್ಕೆ ಅದೇ ನನಗೆ ಆಶ್ಚರ್ಯ. ಡಬ್ಬಿ ಈಗ ನಿಘಂಟಿನ ಹಿಂದೆ ಇಲ್ಲ, ಅಡಿಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕದಲ್ಲಿದೆ.

ಈ ಭಾಷಣದ ಧ್ವನಿಮುದ್ರಣಕ್ಕೆಂದು ಇಂದು ಬೆಳಿಗ್ಗೆ ಮನೆ ಬಿಡುವ ಮೊದಲು ವಹಿಯಲ್ಲಿ ಬರೆದು ಬಂದಿದ್ದೇನೆ: “ಮೈಕಿನ ಮುಂದೆ ಮಾತು ಮರೆಯುತ್ತದೆ, ರಾಮನಾಥನ ಹೆಸರು ಮತ್ತೆ ತಪ್ಪುತ್ತದೆ.” ಬಲಬದಿ ಇನ್ನೂ ಖಾಲಿಯಿದೆ. ಊರಿಗೆ ಹೋಗಿ ತುಂಬಬೇಕು.